ಕೆಂಗೇರಿಯವರ ಓಟು 'ಉತ್ತರ'ಕ್ಕೆ: ಚುನಾವಣೆ ಮುಖ್ಯಾಂಶಗಳು

ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರ್‌ಗಳಲ್ಲಿ ಕೆಎಎಸ್, ಪಿಎಸ್‌ಐಗೆ ಓದುವವರು ಸಂವಿಧಾನದ ವಿಧಿಗಳನ್ನು ಉರು ಹೊಡೆಯುವ ಮೊದಲು ತಾವಿರುವ ಬೀದಿ ಯಾವ ಕ್ಷೇತ್ರಕ್ಕೆ ಸೇರಿದ್ದು ಎಂದು ನೋಡಿಕೊಳ್ಳಲಿ.

● ರಾಜಾಜಿನಗರ, ಬಸವೇಶ್ವರನಗರ: ವಿಧಾನಸಭೆಗೆ ರಾಜಾಜಿನಗರ ಕ್ಷೇತ್ರ, ಲೋಕಸಭೆಗೆ ಬೆಂಗಳೂರು ಕೇಂದ್ರ. ವಿಜಯನಗರ ಮತ್ತು ಗೋವಿಂದರಾಜನಗರ ಕ್ಷೇತ್ರಗಳು ಬೆಂಗಳೂರು ದಕ್ಷಿಣಕ್ಕೆ. ಕೆಂಗೇರಿ ಯಶವಂತಪುರ ಕ್ಷೇತ್ರದಲ್ಲಿದೆ, ಲೋಕಸಭೆಗೆ ಬೆಂಗಳೂರು ಉತ್ತರ. ಮೈಸೂರು ರಸ್ತೆಯ ಊರು 'ಉತ್ತರ'ಕ್ಕೆ ಹೇಗೆ ಹೋಯಿತೆಂದು ಭೂಪಟ ಹಿಡಿದು ತಲೆ ಕೆಡಿಸಿಕೊಳ್ಳಬೇಡಿ. ಇದು ಕ್ಷೇತ್ರ ಪುನರ್ವಿಂಗಡಣೆಯ ಲೆಕ್ಕ. ಹೊಸ ವಿಂಗಡಣೆಯಂತೆ ಮೊದಲ ವಿಧಾನಸಭಾ ಚುನಾವಣೆ ನಡೆದದ್ದು 2008ರಲ್ಲಿ, ಕರ್ನಾಟಕದಲ್ಲೇ.

● 2024ರ ಏಪ್ರಿಲ್ 26ರ ಲೋಕಸಭಾ ಮತದಾನದಲ್ಲಿ ಗೆದ್ದವರು: ಬೆಂಗಳೂರು ಕೇಂದ್ರದಲ್ಲಿ ಪಿ.ಸಿ. ಮೋಹನ್, ದಕ್ಷಿಣದಲ್ಲಿ ತೇಜಸ್ವಿ ಸೂರ್ಯ, ಉತ್ತರದಲ್ಲಿ ಶೋಭಾ ಕರಂದ್ಲಾಜೆ. ರಾಜ್ಯದ ಲೋಕಸಭಾ ಸ್ಥಾನ 28, ರಾಜ್ಯಸಭೆ 12.

● ವಿಧಾನಸಭೆ 224, ಬಹುಮತಕ್ಕೆ 113. 2023ರ ಮೇ 10ರ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ 135. ವಿಜಯನಗರದಲ್ಲಿ ಎಂ. ಕೃಷ್ಣಪ್ಪ, ಪಕ್ಕದ ಗೋವಿಂದರಾಜನಗರದಲ್ಲಿ ಪ್ರಿಯಕೃಷ್ಣ ಗೆದ್ದರು, ಅಪ್ಪ, ಮಗ.

● ಪಕ್ಷಾಂತರ ನಿಷೇಧಕ್ಕೆ ಉದಾಹರಣೆ ಕೇಳಿದರೆ ದೂರ ಹುಡುಕಬೇಡಿ, ಯಶವಂತಪುರ ಬರೆಯಿರಿ. 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದ ಎಸ್.ಟಿ. ಸೋಮಶೇಖರ್ 2019ರಲ್ಲಿ ರಾಜೀನಾಮೆ ಕೊಟ್ಟರು, ಸ್ಪೀಕರ್ ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಬಿಜೆಪಿ ಟಿಕೆಟ್ ಮೇಲೆ ಅವರೇ ಗೆದ್ದರು. ಹತ್ತನೇ ಅನುಸೂಚಿ (52ನೇ ತಿದ್ದುಪಡಿ, 1985) ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದಕ್ಕೆ ಇದೊಂದೇ ಸಾಕು.

● ಅತಿ ಹೆಚ್ಚು ಓಟು ಪಡೆದವರು ಗೆದ್ದಂತೆ. ಅರ್ಧಕ್ಕಿಂತ ಹೆಚ್ಚು ಬೇಕಿಲ್ಲ. ಜಯನಗರದಲ್ಲಿ 2023ರ ಅಂತರ 16 ಓಟು. 2004ರ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಓಟಿನಿಂದ.

● ಮುಖ್ಯಮಂತ್ರಿ, ಪ್ರಧಾನಿ ಹುದ್ದೆಗೆಂದು ಬಟನ್ ಯಾವ ಇವಿಎಂನಲ್ಲೂ ಇಲ್ಲ. ಬಟನ್ ಒತ್ತಿ, ವಿವಿಪ್ಯಾಟ್ ಕಿಂಡಿಯಲ್ಲಿ 7 ಸೆಕೆಂಡ್ ಕಾಣುವ ಚೀಟಿ ನೋಡಿ: ಇರುವುದು ನಿಮ್ಮ ಕ್ಷೇತ್ರದ ಅಭ್ಯರ್ಥಿಯ ಹೆಸರು, ಚಿಹ್ನೆ. ಮುಖ್ಯಮಂತ್ರಿಯ ನೇಮಕ ರಾಜ್ಯಪಾಲರಿಂದ (164ನೇ ವಿಧಿ), ಪ್ರಧಾನಿಯದು ರಾಷ್ಟ್ರಪತಿಯಿಂದ (75ನೇ ವಿಧಿ). ಸಂಸತ್ ಸದಸ್ಯರಲ್ಲದವರು ಪ್ರಧಾನಿಯಾದರೆ ಸದಸ್ಯರಾಗಲು 6 ತಿಂಗಳ ಗಡುವು. 1996ರ ಜೂನ್‌ನಲ್ಲಿ ಪ್ರಧಾನಿಯಾದಾಗ ಎಚ್.ಡಿ. ದೇವೇಗೌಡರು ಸಂಸದರಾಗಿರಲಿಲ್ಲ, ಆಮೇಲೆ ರಾಜ್ಯಸಭೆಗೆ ಬಂದರು.

● ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ಶಾಸಕರ ಒಂದು ಓಟಿನ ಮೌಲ್ಯ 131. 1971ರ ಜನಸಂಖ್ಯೆ ಆಧಾರ.

● ವಿಧಾನ ಪರಿಷತ್ತು 75: ಶಾಸಕರಿಂದ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮಕರಣ 11. ಪದವಿ ಮುಗಿದು 3 ವರ್ಷವಾದವರು ಪದವೀಧರ ಕ್ಷೇತ್ರದ ಮತದಾರರಾಗಲು ನಮೂನೆ 18 ತುಂಬಬಹುದು.

● ಬೆರಳಿನ ಶಾಯಿ ಮೈಸೂರಿನದು. ಇವಿಎಂ ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್.

ಮತದಾರರ ಪಟ್ಟಿಗೆ ಸೇರುವ ಹೊಸಬರಿಗೆ ನಮೂನೆ 6. ಓಟು ಊರಲ್ಲಿದ್ದು ವಾಸ ವಿಜಯನಗರಕ್ಕೆ ಬದಲಾದವರಿಗೆ ನಮೂನೆ 8. ಎರಡೂ ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ.