ನೀರು ಬರುವ ದಿನ ಕ್ಲಾಸ್ ಎಷ್ಟು ಗಂಟೆಗೆ?

ಹಾಜರಿ ಪುಸ್ತಕವನ್ನು ಅಡ್ಡಕ್ಕೆ ಓದಿದರೆ ಒಂದು ಮಗುವಿನ ಸಮಾಚಾರ ಸಿಗುತ್ತದೆ, ಉದ್ದಕ್ಕೆ ಓದಿದರೆ ಇಡೀ ಬೀದಿಯದು. ಕೋರಮಂಗಲದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಎದ್ದ ಬಹುಮಹಡಿ ಸಮುಚ್ಚಯದ ಆಸುಪಾಸಿನ ಕೊಳಗೇರಿಯೊಂದರಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ನಡೆಯುತ್ತಿತ್ತು. ಶೀಟಿನ ಸೂರಿನ ಒಂದೇ ಕೋಣೆ. ಅಲ್ಲಿನ ಹಾಜರಿ ಪುಸ್ತಕವನ್ನು ಉದ್ದಕ್ಕೆ ಓದಿದಾಗ ಕಂಡದ್ದು ಇದು: ದಿನ ಬಿಟ್ಟು ದಿನ ಹುಡುಗಿಯರ ಸಾಲು ಪೂರ್ತಿ ಖಾಲಿ. ಹುಡುಗರು ಮಾತ್ರ ಎಂದಿನಂತೆ ಹಾಜರು.

ಕಾರಣ ಯಾರಿಗೂ ಗುಟ್ಟಾಗಿರಲಿಲ್ಲ. ಗೊತ್ತಿಲ್ಲದಿದ್ದದ್ದು ಹೊರಗಿನಿಂದ ಬಂದು ಪಾಠ ಮಾಡುತ್ತಿದ್ದವರಿಗೆ ಮಾತ್ರ. “ನಿನ್ನೆ ನೀರು ಬಿಟ್ಟಿದ್ರಲ್ಲಾ ಸಾರ್” ಎಂದಳು ಆರನೇ ತರಗತಿಯ ಹುಡುಗಿ, ಇದೂ ಒಂದು ಕೇಳುವ ಪ್ರಶ್ನೆಯೇ ಎಂಬ ಮುಖ ಮಾಡಿ. ನಲ್ಲಿಯಲ್ಲಿ ನೀರು ಬರುವುದು ಸಂಜೆ ಐದರ ಮೇಲೆ. ಅಮ್ಮಂದಿರು ಅಪಾರ್ಟ್‌ಮೆಂಟುಗಳ ಪಾತ್ರೆ ತೊಳೆದು ಮನೆ ಸೇರುವಾಗ ಏಳಾಗುತ್ತದೆ. ಹಾಗಾಗಿ ಕೊಡ ಸಾಲಿಗಿಟ್ಟು ಕಾಯುವವರು ಹತ್ತು-ಹನ್ನೆರಡು ವರ್ಷದ ಹೆಣ್ಣುಮಕ್ಕಳು. ಶನಿವಾರ ಬರುತ್ತಿದ್ದ ಸ್ವಯಂಸೇವಕರೊಬ್ಬರು, ಪೋಷಕರಿಗೆ ಹೆಣ್ಣುಮಕ್ಕಳ ಶಿಕ್ಷಣದ ಮಹತ್ವ ತಿಳಿಸಲು ಸಭೆ ಕರೆಯೋಣ ಎಂದರು. ಪಾಠದ ಮನೆಯನ್ನು ನೋಡಿಕೊಳ್ಳುತ್ತಿದ್ದ ಅಕ್ಕ ಸಭೆ ಕರೆಯಲಿಲ್ಲ. ನೀರು ಬರುವ ದಿನ ಹುಡುಗಿಯರ ಕ್ಲಾಸನ್ನು ಆರೂವರೆಗೆ ಹಾಕಿದಳು. ಖಾಲಿ ಸಾಲು ತುಂಬಿತು.

ಈ ಅಕ್ಕನ ಬಗ್ಗೆಯೇ ಹೆಚ್ಚು ಹೇಳಬೇಕು. ಆ ಕೋಣೆಯಲ್ಲಿ ಕೆಲವು ವರ್ಷ ಗಣಿತ ಹೇಳಿಕೊಟ್ಟ ನನಗೆ ಅಲ್ಲಿ ಅರ್ಥವಾದದ್ದರಲ್ಲಿ ಬಹುಪಾಲು ಅವಳು ಮಾಡಿದ್ದನ್ನು ನೋಡಿ ಅರ್ಥವಾದದ್ದು. ಅವಳ ಮನೆ ಎರಡು ಗಲ್ಲಿ ಆಚೆ. ಪಿಯುಸಿ ಪಾಸಾಗಿ, ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿದ್ದಳು. ಮನೆಮಾತು ತಮಿಳು, ಪಕ್ಕದ ಮನೆಯವರ ಜೊತೆ ದಖನಿ, ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳ ಜೊತೆ ಅವರದೇ ಧಾಟಿಯ ಕನ್ನಡ. ಒಂದೇ ಲೆಕ್ಕವನ್ನು ಮೂರು ಭಾಷೆಯಲ್ಲಿ ಬೈದು ಹೇಳಿಕೊಡುತ್ತಿದ್ದಳು. ಒಂದು ಮಗು ಎರಡು ದಿನ ಬರದಿದ್ದರೆ ಫೋನ್ ಮಾಡುತ್ತಿರಲಿಲ್ಲ. ಮನೆಗೆ ಹೋಗುವಾಗ ಅದೇ ಗಲ್ಲಿಯಲ್ಲಿ ಹಾದು, ಬಾಗಿಲಲ್ಲಿ ನಿಂತು, “ಏನಾಂಟಿ, ಸಾರು ಘಮ್ಮಂತಿದೆ” ಎಂದು ಶುರು ಮಾಡುತ್ತಿದ್ದಳು. ಮಗು ಯಾಕೆ ಬರಲಿಲ್ಲ ಎಂಬುದು ಐದು ನಿಮಿಷದಲ್ಲಿ ತಾನಾಗಿ ಹೊರಬರುತ್ತಿತ್ತು. ಅಪ್ಪ ಕುಡಿದು ಪುಸ್ತಕ ಎಸೆದದ್ದು, ಶಾಲೆಯಲ್ಲಿ ಯಾರೋ ಹೊಡೆದದ್ದು, ಊರಲ್ಲಿ ಅಜ್ಜಿ ತೀರಿಕೊಂಡದ್ದು, ಎಲ್ಲ.

ಶನಿವಾರದ ಸ್ವಯಂಸೇವಕರನ್ನು ಹೀಗಳೆಯುವುದು ಸುಲಭ, ಆದರೆ ನ್ಯಾಯವಲ್ಲ. ಅವರಲ್ಲಿ ಅನೇಕರು ಐದು ದಿನ ಕಂಪ್ಯೂಟರ್ ಮುಂದೆ ಕೂತು ಸುಸ್ತಾದರೂ ಬಸ್ಸು ಹಿಡಿದು ಬರುತ್ತಿದ್ದರು. ತೊಂದರೆ ಇದ್ದದ್ದು ಬೇರೆ ಕಡೆ. ಪ್ರಾಜೆಕ್ಟ್ ಬದಲಾಗುತ್ತದೆ, ಮನೆ ವೈಟ್‌ಫೀಲ್ಡಿಗೆ ಹೋಗುತ್ತದೆ, ಮದುವೆ ನಿಶ್ಚಯವಾಗುತ್ತದೆ. ಒಬ್ಬರ ಹೆಸರು ಬಾಯಿಗೆ ಕೂರುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಾರೆ. ಹೊಸಬರು ಬಂದಾಗ ಮಕ್ಕಳು ಹೆಸರು ಕೇಳುವ ಮೊದಲೇ ಒಂದು ಪ್ರಶ್ನೆ ಕೇಳುತ್ತಿದ್ದರು: “ಮಿಸ್, ನೀವು ಎಷ್ಟ್ ದಿನ ಇರ್ತೀರ?”

ಊರಿನವಳೇ ಆದ, ದೊಡ್ಡ ಪದವಿಯಿಲ್ಲದ ಅಕ್ಕ ಎಷ್ಟು ಕಲಿಸಬಲ್ಲಳು ಎಂಬುದನ್ನು ನಮ್ಮ ದೇಶದಲ್ಲೇ ಅಳೆದು ನೋಡಿದ್ದಾರೆ. ಪ್ರಥಮ್ ಸಂಸ್ಥೆ ಮುಂಬೈ ಮತ್ತು ವಡೋದರದ ಪಾಲಿಕೆ ಶಾಲೆಗಳಲ್ಲಿ ‘ಬಾಲಸಖಿ’ ಎಂಬ ಕಾರ್ಯಕ್ರಮ ನಡೆಸುತ್ತಿತ್ತು. ಪ್ರೌಢಶಾಲೆ ಮುಗಿಸಿದ ಅದೇ ಪ್ರದೇಶದ ಯುವತಿಯರಿಗೆ ಎರಡು ವಾರ ತರಬೇತಿ ಕೊಟ್ಟು, ಮೂರು-ನಾಲ್ಕನೇ ತರಗತಿಯಲ್ಲಿ ಹಿಂದೆ ಬಿದ್ದ ಹದಿನೈದು-ಇಪ್ಪತ್ತು ಮಕ್ಕಳ ಗುಂಪನ್ನು ದಿನಕ್ಕೆ ಎರಡು ತಾಸು ಅವರಿಗೊಪ್ಪಿಸುವ ಕ್ರಮ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2001ರಿಂದ ಅದರ ಪರಿಣಾಮವನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಮಕ್ಕಳ ಅಂಕಗಳು ಸ್ಪಷ್ಟವಾಗಿ ಏರಿದ್ದವು, ಅದರಲ್ಲೂ ತೀರ ಹಿಂದಿದ್ದವರದು. 2019ರಲ್ಲಿ ಇವರಿಬ್ಬರಿಗೆ ಮೈಕೆಲ್ ಕ್ರೆಮರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಬಾಲಸಖಿಯರು ಕಲಿಸುತ್ತಿದ್ದದ್ದು ಶಾಲೆಯ ಹೊತ್ತಿನಲ್ಲೇ, ಸಂಜೆಯಲ್ಲ. ಈ ವ್ಯತ್ಯಾಸ ಮರೆಯಬಾರದು. ಆದರೂ ನಮ್ಮ ಗಲ್ಲಿಯ ಅಕ್ಕನಿಗೆ ಈ ವಿಷಯ ಹೇಳಿದಾಗ ಅವಳು ಮೊದಲು ಕೇಳಿದ್ದು, “ಅವ್ರಿಗೆ ಎಷ್ಟ್ ಕೊಡ್ತಿದ್ರಂತೆ?” ತಿಂಗಳಿಗೆ ಐನೂರರಿಂದ ಏಳ್ನೂರೈವತ್ತು ರೂಪಾಯಿ, ಆಗಿನ ಕಾಲಕ್ಕೆ. ಅವಳು ನಕ್ಕಳು. ಆ ನಗುವಿನ ಅರ್ಥಕ್ಕೆ ಆಮೇಲೆ ಬರೋಣ.

ಅವಳ ಇನ್ನೊಂದು ಹಟ, ತರಗತಿವಾರು ಕೂರಿಸುವುದಿಲ್ಲ ಎಂಬುದು. ಏಳನೇ ತರಗತಿಯ ಹುಡುಗನೊಬ್ಬ ಕನ್ನಡ ಪಾಠವನ್ನು ಗಡಗಡ ಓದುತ್ತಿದ್ದ. ಅಕ್ಕ ಪುಸ್ತಕವನ್ನು ಮೆಲ್ಲಗೆ ಮುಚ್ಚಿದಳು, ಓದು ನಿಲ್ಲಲಿಲ್ಲ. ಪೂರ್ತಿ ಬಾಯಿಪಾಠ! ಗೊತ್ತಿಲ್ಲದ ಕತೆ ಪುಸ್ತಕ ಕೊಟ್ಟಾಗ ‘ಮರ’, ‘ಕಮಲ’ ದಾಟಿ ಹೋದವನು ‘ಹಬ್ಬ’ದ ಹತ್ತಿರ ನಿಂತ. ಕಾಗುಣಿತವನ್ನು ರಾಗವಾಗಿ ಹಾಡಬಲ್ಲ ಮಕ್ಕಳು ಒತ್ತಕ್ಷರ ಬಂದ ಕೂಡಲೇ ಮುಗ್ಗರಿಸುವುದು ಅಲ್ಲಿ ದಿನನಿತ್ಯದ ನೋಟ. ಅಸರ್ ಸಮೀಕ್ಷೆಯವರು 2005ರಿಂದ ಹಳ್ಳಿಗಳಲ್ಲಿ ಮನೆಮನೆಗೆ ಒಯ್ಯುವ ಓದಿನ ಹಾಳೆಯೂ ಇದನ್ನೇ ಹುಡುಕುತ್ತದೆ: ಅಕ್ಷರ, ಪದ, ಒಂದನೇ ತರಗತಿಯ ಪುಟ್ಟ ಪ್ಯಾರಾ, ಎರಡನೇ ತರಗತಿಯ ಕತೆ. ಮಗು ಯಾವ ತರಗತಿಯಲ್ಲಿದೆ ಎಂದು ನೋಡುವುದಿಲ್ಲ, ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತದೆ.

ಸರಿ, ನಿಂತ ಜಾಗ ಸಿಕ್ಕಿತು. ಆದರೆ ಮೀಸೆ ಚಿಗುರುತ್ತಿರುವ ಹುಡುಗನನ್ನು ಮೂರನೇ ತರಗತಿಯ ಚಿಳ್ಳೆಪಿಳ್ಳೆಗಳ ಜೊತೆ ಕೂರಿಸಿದರೆ ಅವನು ಮಾರನೇ ದಿನ ಬರುವುದಿಲ್ಲ. ಅಕ್ಕ ಅವನನ್ನು ಚಿಕ್ಕವರ ಗುಂಪಿಗೆ ಸೇರಿಸಲಿಲ್ಲ, ಚಿಕ್ಕವರಿಗೆ ಕತೆ ಓದಿ ಹೇಳುವ ‘ಅಣ್ಣ’ನನ್ನಾಗಿ ಮಾಡಿದಳು. ನಾಲ್ಕು ಜನರ ಮುಂದೆ ಓದಬೇಕಲ್ಲ, ಹಿಂದಿನ ದಿನ ಮೂಲೆಯಲ್ಲಿ ಕೂತು ಅಭ್ಯಾಸ ಮಾಡಲೇಬೇಕಾಯಿತು. ಒಂದು ಪುಟಕ್ಕೆ ಎರಡೇ ಸಾಲಿನ ಪುಸ್ತಕವನ್ನು ಅವಮಾನವಿಲ್ಲದೆ ಓದಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2004ರಿಂದ ಇಂಥ ಅಗ್ಗದ ಪುಸ್ತಕಗಳನ್ನು ಕನ್ನಡದಲ್ಲೂ ತರುತ್ತಿದೆ. 2015ರಲ್ಲಿ ಶುರುವಾದ ಅವರ ಸ್ಟೋರಿವೀವರ್ ತಾಣದಲ್ಲಿ ಓದಲು ಕಾಸು ಕೊಡಬೇಕಿಲ್ಲ, ಹಂತಗಳನ್ನೂ ಗುರುತಿಸಿದ್ದಾರೆ. ಒತ್ತಕ್ಷರ ಕಡಿಮೆ ಇರುವವನ್ನು ಆಯ್ದು ಮುದ್ರಿಸಿ, ಸ್ಟೇಪಲ್ ಹೊಡೆದು ಹಗ್ಗಕ್ಕೆ ನೇತುಹಾಕಿದ್ದೆವು.

ಲೆಕ್ಕದ ವಿಷಯ ಇನ್ನೂ ಸ್ವಾರಸ್ಯದ್ದು. ಅಪ್ಪನ ತರಕಾರಿ ಗಾಡಿಯಲ್ಲಿ ನಿಲ್ಲುತ್ತಿದ್ದ ಹುಡುಗನಿಗೆ ಕಾಲು ಕಿಲೊ ಬೀನ್ಸು, ಅರ್ಧ ಕಿಲೊ ಟೊಮೆಟೊ, ಒಂದು ಕಟ್ಟು ಕೊತ್ತಂಬರಿ ಕೊಂಡು ಇನ್ನೂರರ ನೋಟು ಕೊಟ್ಟರೆ ಚಿಲ್ಲರೆ ಕೈಗೆ ಬರುವುದಕ್ಕೆ ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ಅದೇ ಇನ್ನೂರರಿಂದ ಎಪ್ಪತ್ತಮೂರು ಕಳೆ ಎಂದು ಹಲಗೆಯ ಮೇಲೆ ಬರೆದರೆ, ಪಕ್ಕದ ಮನೆಯಿಂದ ಕಡ ತರುವ ಜಾಗದಲ್ಲಿ ಸಿಕ್ಕಿಬೀಳುತ್ತಿದ್ದ. ಪಕ್ಕದ ಮನೆಯಲ್ಲೂ ಸೊನ್ನೆ! “ಅವ್ರ ಹತ್ರನೇ ಇಲ್ವಲ್ಲ ಸಾರ್, ಎಲ್ಲಿಂದ ತರೋದು?” ನ್ಯಾಯವಾದ ಪ್ರಶ್ನೆ. ಬಾಯಲ್ಲಿ ಅವನು ಕಳೆಯುತ್ತಲೇ ಇರಲಿಲ್ಲ, ಎಪ್ಪತ್ತಮೂರರಿಂದ ಮೇಲಕ್ಕೆ ಎಣಿಸುತ್ತಿದ್ದ: ಏಳು ಸೇರಿದರೆ ಎಂಬತ್ತು, ಇಪ್ಪತ್ತು ಸೇರಿದರೆ ನೂರು, ಆಮೇಲೆ ನೂರು. ನೂರಿಪ್ಪತ್ತೇಳು.

ಇವನೊಬ್ಬನ ಕತೆಯಲ್ಲ. ದೆಹಲಿ ಮತ್ತು ಕೋಲ್ಕತ್ತದ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಸಾವಿರದ ನಾನೂರಕ್ಕೂ ಹೆಚ್ಚು ಮಕ್ಕಳನ್ನು ಇಟ್ಟುಕೊಂಡು ಬ್ಯಾನರ್ಜಿ-ಡುಫ್ಲೊ ತಂಡ ಮಾಡಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ವ್ಯಾಪಾರದಲ್ಲಿ ಚುರುಕಾದ ಮಕ್ಕಳು ಶಾಲೆಯ ರೀತಿಯ ಲೆಕ್ಕದಲ್ಲಿ ಸೋಲುತ್ತಾರೆ. ಶಾಲೆಯ ಲೆಕ್ಕ ಬಲ್ಲ ಮಕ್ಕಳು ವ್ಯಾಪಾರದ ಲೆಕ್ಕಕ್ಕೆ ತಡವರಿಸುತ್ತಾರೆ. ಎರಡರ ನಡುವೆ ದಾರಿ ತಾನಾಗಿ ಬೀಳುವುದಿಲ್ಲ. ನಮ್ಮಲ್ಲಿ ಆ ಹುಡುಗನ ದಾರಿಯನ್ನೇ ಹಲಗೆಯ ಮೇಲೆ ಒಂದು ಗೆರೆ ಎಳೆದು ಬರೆಯತೊಡಗಿದೆವು: ಎಪ್ಪತ್ತಮೂರು, ಒಂದು ಜಿಗಿತ, ಎಂಬತ್ತು, ಇನ್ನೊಂದು ಜಿಗಿತ, ನೂರು. ಕಡ ತರುವ ವಿಧಾನಕ್ಕೆ ಆಮೇಲೆ ಹೋದೆವು, ಯಾಕೆಂದರೆ ಪರೀಕ್ಷೆಯಲ್ಲಿ ಅದಕ್ಕೇ ಅಂಕ.

ಇದೆಲ್ಲಕ್ಕೂ ಹೊತ್ತು ಎಲ್ಲಿತ್ತು? ತಾಯಂದಿರಿಗೆ ಬೇಕಿದ್ದದ್ದು ಒಂದೇ, ಹೋಮ್‌ವರ್ಕ್ ಮುಗಿದಿರಬೇಕು. ಅವರ ಲೆಕ್ಕಾಚಾರ ತಪ್ಪೇನಲ್ಲ. ಹೋಮ್‌ವರ್ಕ್ ಇಲ್ಲದೆ ಹೋದ ಮಗು ಬೈಸಿಕೊಳ್ಳುತ್ತದೆ, ಬೈಸಿಕೊಂಡ ಮಗು ಶಾಲೆ ತಪ್ಪಿಸುತ್ತದೆ. ಇಂಗ್ಲಿಷ್ ಮಾಧ್ಯಮದ ಅಗ್ಗದ ಖಾಸಗಿ ಶಾಲೆಗೆ ಸಾಲ ಮಾಡಿ ಫೀಸು ಕಟ್ಟಿದ ಮನೆಗಳಲ್ಲಂತೂ ನೋಟ್‌ಬುಕ್ ತುಂಬಿದ್ದರೇ ಸಮಾಧಾನ. ಮೊದಲ ಅರ್ಧ ಗಂಟೆ ಹೋಮ್‌ವರ್ಕಿಗೆ, ಉಳಿದದ್ದು ನಮಗೆ ಎಂಬ ಒಪ್ಪಂದಕ್ಕೆ ಬಂದದ್ದು ಹೀಗೆ. ಆ ಅರ್ಧ ಗಂಟೆಯಲ್ಲಿ ನಡೆಯುತ್ತಿದ್ದದ್ದು ಬಹುಮಟ್ಟಿಗೆ ನಕಲು ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ.

ತಿಂಡಿ ಯಾವಾಗ ಕೊಡಬೇಕು ಎಂಬುದೂ ಒಂದು ದೊಡ್ಡ ಚರ್ಚೆ. ಮೊದಲೇ ಕೊಟ್ಟರೆ ತಿಂದು ಓಡುತ್ತಾರೆ ಎಂಬ ಭಯ. ಕೊನೆಗೆ ಕೊಟ್ಟರೆ ಮಧ್ಯಾಹ್ನದ ಬಿಸಿಯೂಟದ ಮೇಲೆ ಏನೂ ತಿನ್ನದ ಮಗು ಅಲ್ಲಿಯವರೆಗೆ ಗಡಿಯಾರ ನೋಡುತ್ತಾ ಕೂರುತ್ತದೆ. ಮೊದಲೇ ಕೊಟ್ಟೆವು. ಕಡಲೆಕಾಳಿನ ಉಸಲಿ, ಇಲ್ಲವೇ ಬಾಳೆಹಣ್ಣು. ಓಡಿದವರು ಬೆರಳೆಣಿಕೆಯಷ್ಟು.

ಕೋಣೆಗೆ ಬರುವುದಕ್ಕೇ ನಾಚುವ ಮಕ್ಕಳ ಸಮಸ್ಯೆ ಬೇರೆ. ಹೊರಗೆ ಅದಕ್ಕೆ ‘ದಡ್ಡರ ಟೂಷನ್’ ಎಂಬ ಬಿರುದಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ವೆಲೆನ್ಸಿಯ ಬೀದಿಯ 826ನೇ ನಂಬರಿನಲ್ಲಿ ಲೇಖಕ ಡೇವ್ ಎಗರ್ಸ್ ಮತ್ತು ಶಿಕ್ಷಕಿ ನಿನಿವೆ ಕ್ಯಾಲೆಗರಿ 2002ರಲ್ಲಿ ಇಂಥದೇ ಸಂಜೆ ಪಾಠದ ಕೇಂದ್ರ ತೆರೆದರು. ಆ ಜಾಗ ಅಂಗಡಿಗಳಿಗೆ ಮೀಸಲಾದದ್ದು, ಏನಾದರೂ ಮಾರಲೇಬೇಕಿತ್ತು. ಹಾಗಾಗಿ ಮುಂಭಾಗದಲ್ಲಿ ಕಡಲ್ಗಳ್ಳರಿಗೆ ಬೇಕಾದ ಸಾಮಾನಿನ ಅಂಗಡಿ ಇಟ್ಟರು! ಮಕ್ಕಳು ಅದನ್ನು ದಾಟಿಕೊಂಡು ಒಳಗೆ ಪಾಠಕ್ಕೆ ಹೋಗುತ್ತಾರೆ. ಹಿಂದೆ ಬಿದ್ದವರ ಕೇಂದ್ರ ಎಂಬ ಹಣೆಪಟ್ಟಿ ಅಂಟಲು ಅಲ್ಲಿ ಜಾಗವೇ ಇಲ್ಲ. ನಮ್ಮಲ್ಲಿ ಆ ಕೆಲಸವನ್ನು ಬಾಗಿಲ ಬಳಿ ಇಟ್ಟ ಕೇರಂ ಬೋರ್ಡ್ ಮಾಡಿತು. “ಎಲ್ಲಿಗೋ?” ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ “ಕೇರಂ ಆಡೋಕೆ” ಎನ್ನಬಹುದಿತ್ತು.

ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದದ್ದು ಉಂಟು. ಡೈನೊಸಾರ್ ಮುಂದೆ ಫೋಟೊ ಹೊಡೆಸಿಕೊಂಡ ಮೇಲೆ ಎಂಜಿನ್ ವಿಭಾಗದಲ್ಲಿ ಒಂದು ಗುಂಪು ಕದಲಲಿಲ್ಲ. ಭಾನುವಾರ ಗ್ಯಾರೇಜಿಗೆ ಹೋಗುತ್ತಿದ್ದ ಒಂಬತ್ತನೇ ತರಗತಿಯ ಹುಡುಗ, ಅಡ್ಡ ಸೀಳಿಟ್ಟ ಎಂಜಿನ್ನಿನ ಮುಂದೆ ನಿಂತು, ಪಿಸ್ಟನ್ ಮೇಲೆ ಬಂದಾಗ ಯಾವ ವಾಲ್ವ್ ಮುಚ್ಚುತ್ತದೆ, ರಿಂಗ್ ಸವೆದರೆ ನೀಲಿ ಹೊಗೆ ಯಾಕೆ ಬರುತ್ತದೆ ಎಂದು ವಿವರಿಸುತ್ತಿದ್ದ. ಜೊತೆಗೆ ಬಂದಿದ್ದ ಮೆಕ್ಯಾನಿಕಲ್ ಎಂಜಿನಿಯರ್ ಸ್ವಯಂಸೇವಕ ಕೈಕಟ್ಟಿ ಕೇಳುತ್ತಿದ್ದ. ಅದೇ ಹುಡುಗ ಶಾಲೆಯ ವಿಜ್ಞಾನದಲ್ಲಿ ಫೇಲು.

ಇಂಥ ಹುಡುಗರು ಜಾರುವುದು ಒಂಬತ್ತು-ಹತ್ತರಲ್ಲಿ. ಹದಿನಾಲ್ಕು ತುಂಬಿದರೆ ಅಪಾಯಕಾರಿಯಲ್ಲದ ಕೆಲಸಕ್ಕೆ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯೂ ಅಡ್ಡ ಬರುವುದಿಲ್ಲ, ಮನೆಯಲ್ಲಿ ಕಾಸಿನ ಅಡಚಣೆ ಇದ್ದೇ ಇರುತ್ತದೆ. ಮೊದಲೆಲ್ಲ ಎಸ್ಸೆಸ್ಸೆಲ್ಸಿ ಫೇಲಾದರೆ ಅಲ್ಲಿಗೆ ಮುಗಿಯಿತು ಎಂಬ ಭಾವನೆ. 2024ರಲ್ಲಿ ರಾಜ್ಯದಲ್ಲಿ ಪರೀಕ್ಷೆ-1, 2, 3 ಎಂಬ ಪದ್ಧತಿ ಬಂತು. ಒಂದರಲ್ಲಿ ಹೋದದ್ದನ್ನು ಕೆಲವೇ ವಾರಗಳಲ್ಲಿ ಇನ್ನೊಂದರಲ್ಲಿ ಹಿಡಿಯಬಹುದು. ಆದರೆ ಫಲಿತಾಂಶ ಬರುವುದು ಬೇಸಿಗೆ ರಜೆಯಲ್ಲಿ. ಶಾಲೆ ಇಲ್ಲ, ಹುಡುಗ ಆಗಲೇ ಯಾವುದೋ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿರುತ್ತಾನೆ. ಆ ವಾರಗಳಲ್ಲಿ ಮನೆಗೆ ಹೋಗಿ ಅರ್ಜಿ ತುಂಬಿಸಿ, ಗಣಿತದಲ್ಲಿ ಪಾಸಾಗಲು ಬೇಕಾದಷ್ಟು ಅಧ್ಯಾಯ ಆಯ್ದು, ರಾತ್ರಿ ಎಂಟರ ಮೇಲೆ ಕೂರಿಸಿಕೊಳ್ಳುವವರು ಬೇಕು. ಇಡೀ ವರ್ಷದ ಸಂಜೆ ಪಾಠಕ್ಕಿಂತ ಆ ಕೆಲವು ವಾರಗಳ ಫಲ ಹೆಚ್ಚು ಎಂದು ನನ್ನ ಅನಿಸಿಕೆ. ಅದಕ್ಕೂ ಆ ಗಲ್ಲಿಯಲ್ಲೇ ಇರುವ, ರಜೆಗೆ ಊರಿಗೆ ಹೋಗದ ಒಬ್ಬರು ಬೇಕು.

ಮತ್ತೆ ಅಕ್ಕನ ನಗುವಿಗೆ ಬರಬೇಕು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಸರಾಸರಿಯಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕೆನ್ನುತ್ತದೆ. ಬೆಂಗಳೂರಿನಲ್ಲಿ ಅಂಥ ದುಡ್ಡಿಗೇನೂ ಬರವಿಲ್ಲ. ಆದರೆ ದಾನಿಗಳ ಅರ್ಜಿ ನಮೂನೆಯಲ್ಲಿ ಟ್ಯಾಬ್‌ಗೆ, ಪ್ರೊಜೆಕ್ಟರ್‌ಗೆ, ಗೋಡೆಗೆ ಬಣ್ಣ ಬಳಿಯಲು ಧಾರಾಳ ಜಾಗ. ಸಂಬಳದ ಕಾಲಂ ಬಂದಾಗ ಮಾತ್ರ, ‘ಇದನ್ನು ಸ್ವಯಂಸೇವಕರಿಂದ ಮಾಡಿಸಲಾಗದೆ?’ ಎಂಬ ಷರಾ. ಸೂಪರ್‌ಮಾರ್ಕೆಟ್ ಒಂದರ ಬಿಲ್ಲಿಂಗ್ ಕೌಂಟರಿನಲ್ಲಿ ನಮ್ಮ ಗೌರವಧನದ ಎರಡರಷ್ಟು ಸಂಬಳ ಸಿಕ್ಕಿದಾಗ ಅಕ್ಕ ಹೊರಟಳು, ಹೊರಡಲೇಬೇಕಿತ್ತು. ಅವಳ ತಮ್ಮನೂ ಆಗ ಕಾಲೇಜು ಸೇರಿದ್ದ. ಹಾಜರಿ ಪುಸ್ತಕ ಎರಡು ತಿಂಗಳು ತೆಳ್ಳಗಾಯಿತು, ಹೊಸ ಅಕ್ಕನಿಗೆ ಯಾವ ಮನೆಯಲ್ಲಿ ಯಾವ ಮಾತಿನಿಂದ ಶುರು ಮಾಡಬೇಕೆಂದು ತಿಳಿಯಲು ಅಷ್ಟು ಹೊತ್ತು ಹಿಡಿಯಿತು. ಮುಂದಿನ ವರ್ಷದ ಅರ್ಜಿಯಲ್ಲಿ ಟ್ಯಾಬ್ ಕೇಳಲಿಲ್ಲ. ಇಬ್ಬರು ಅಕ್ಕಂದಿರಿಗೆ ಸೂಪರ್‌ಮಾರ್ಕೆಟ್ಟಿನ ಲೆಕ್ಕದಲ್ಲೇ ಸಂಬಳ ಕೇಳಿದೆವು. ಒಬ್ಬಳದು ಮಂಜೂರಾಯಿತು.