ಓಟಗಾರನ ಒಂದು ವರುಷ

ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆಯುವಾಗ ಓಟಗಾರರ ದೃಷ್ಟಾಂತವನ್ನು ತೆಗೆದುಕೊಂಡದ್ದು ನಿಮಗೆ ತಿಳಿದದ್ದೇ. ಆ ಪಟ್ಟಣದ ಸಮೀಪದಲ್ಲಿ ಎರಡು ವರುಷಕ್ಕೊಮ್ಮೆ ಪಂದ್ಯಗಳು ನಡೆಯುತ್ತಿದ್ದದರಿಂದ ಅಲ್ಲಿಯವರಿಗೆ ಆ ಮಾತು ಸುಲಭವಾಗಿ ಹತ್ತುತ್ತಿತ್ತು. ನಮ್ಮಲ್ಲಿಯಾದರೋ ಜಾತ್ರೆಯಲ್ಲಿ ಎತ್ತುಗಳ ಓಟವನ್ನು ನೋಡಿದವರು ಬಹು ಮಂದಿ. ಮನುಷ್ಯನೊಬ್ಬನು ಒಂದು ಮೈಲು ಓಡುವದಕ್ಕಾಗಿ ವರುಷವೆಲ್ಲಾ ಮೈ ದಂಡಿಸುವದನ್ನು ನೋಡಿದವರು ಕಡಿಮೆ. ಆದಕಾರಣ ಅಂಥವನೊಬ್ಬನ ಒಂದು ವರುಷವನ್ನು ಈ ಪಾಠದಲ್ಲಿ ವಿಚಾರಿಸೋಣ.

ರೋಜರ್ ಬ್ಯಾನಿಸ್ಟರ್ ಎಂಬಾತನು 1929ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ಬಳಿಕ ಲಂಡನಿನ ಒಂದು ಆಸ್ಪತ್ರೆಯಲ್ಲಿ ವೈದ್ಯವಿದ್ಯೆಯನ್ನು ಕಲಿಯುತ್ತಿದ್ದನು. ಓಟವು ಆತನಿಗೆ ಜೀವನೋಪಾಯವಾಗಿರಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸಮೀಪದ ಬಯಲಿಗೆ ಹೋಗಿ ಓಡಿ, ತಿರಿಗಿ ಆಸ್ಪತ್ರೆಯ ಕೆಲಸಕ್ಕೆ ಬರುವನು. 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ ಪಂದ್ಯಗಳಲ್ಲಿ 1500 ಮೀಟರಿನ ಓಟವನ್ನು ಈತನೇ ಗೆಲ್ಲುವನೆಂದು ಸ್ವದೇಶದವರು ನಂಬಿದ್ದರು. ಆದರೆ ಅಲ್ಲಿ ನೆನಸದೆ ಒಂದು ಪಂದ್ಯವು ಹೆಚ್ಚಾಗಿ ಸೇರಿಸಲ್ಪಟ್ಟದ್ದರಿಂದ ಮೂರು ದಿನ ಎಡೆಬಿಡದೆ ಓಡಬೇಕಾಯಿತು. ಆತನು ನಾಲ್ಕನೆಯವನಾಗಿ ಬಂದನು. ಪತ್ರಿಕೆಗಳವರು ನಿಂದಿಸಿದರು. ಓಟವನ್ನೇ ಬಿಟ್ಟುಬಿಡಬೇಕೆಂದಿದ್ದವನು, ಸೋತವನಾಗಿ ಬಿಡಲಾರದೆ, ಇನ್ನೆರಡು ವರುಷ ಓಡುವದಕ್ಕೆ ನಿಶ್ಚಯಿಸಿದನು.

ಆ ಕಾಲದಲ್ಲಿ ಓಟಗಾರರ ಕಣ್ಣೆಲ್ಲಾ ಒಂದೇ ಗುರಿಯ ಮೇಲಿತ್ತು. ಒಂದು ಮೈಲನ್ನು ನಾಲ್ಕು ನಿಮಿಷದೊಳಗೆ ಓಡಿದವರು ಯಾರೂ ಇರಲಿಲ್ಲ. ಸ್ವೀಡನ್ ದೇಶದ ಗುಂಡರ್ ಹೆಗ್ ಎಂಬವನು 1945ರಲ್ಲಿ 4 ನಿಮಿಷ 1.4 ಸೆಕೆಂಡಿನಲ್ಲಿ ಓಡಿದ್ದನು. ಆ ಒಂದೂವರೆ ಸೆಕೆಂಡನ್ನು ಕಳೆಯುವವರು ಎಂಟು ವರುಷವಾದರೂ ಹುಟ್ಟಲಿಲ್ಲ. ಮೈಲು ಎಂದರೆ ಎಂಟು ಫರ್ಲಾಂಗು. ಆಗಿನ ಓಟದ ಬಯಲಿನಲ್ಲಿ ಎರಡೆರಡು ಫರ್ಲಾಂಗಿನ ನಾಲ್ಕು ಸುತ್ತುಗಳಾಗುತ್ತಿದ್ದವು. ಒಂದೊಂದು ಸುತ್ತನ್ನೂ ಒಂದು ನಿಮಿಷದೊಳಗೆ ಮುಗಿಸಬೇಕು.

1953ರ ಜೂನ್ ತಿಂಗಳಲ್ಲಿ ಬ್ಯಾನಿಸ್ಟರನು 4 ನಿಮಿಷ 2 ಸೆಕೆಂಡಿಗೆ ಬಂದನು. ಆದರೆ ಆ ಓಟದಲ್ಲಿ ಆತನ ಸ್ನೇಹಿತನಾದ ಕ್ರಿಸ್ ಬ್ರಾಷರನು ಬೇಕೆಂದೇ ಮೆಲ್ಲಗೆ ಓಡಿ ಒಂದು ಸುತ್ತು ಹಿಂದೆ ಬಿದ್ದು, ಕಡೆಯಲ್ಲಿ ದಣಿಯದ ಕಾಲಿನಿಂದ ಈತನಿಗೆ ಮುಂದಾಳಾಗಿ ಓಡಿದ್ದನು. ಇದು ನಿಜವಾದ ಪಂದ್ಯವಲ್ಲವೆಂದು ಅಧಿಕಾರಿಗಳು ಅದನ್ನು ತಳ್ಳಿಬಿಟ್ಟರು. ನಮ್ಮ ಎಣಿಕೆಯಲ್ಲಿ ಅವರು ಮಾಡಿದ್ದು ಸರಿಯೇ.

ಈಗ ಆ ಚಳಿಗಾಲದ ಅಭ್ಯಾಸವನ್ನು ಗಮನಿಸಿರಿ. ಬ್ಯಾನಿಸ್ಟರ್, ಬ್ರಾಷರ್, ಕ್ರಿಸ್ ಚಾಟವೇ ಎಂಬ ಮೂವರು ಫ್ರಾಂಜ್ ಸ್ಟಾಂಪ್‌ಫಲ್ ಎಂಬ ಶಿಕ್ಷಕನ ಕೈಕೆಳಗೆ ಕೂಡಿಕೊಂಡರು. ಎರಡು ಫರ್ಲಾಂಗು ವೇಗವಾಗಿ ಓಡುವದು, ಎರಡು ನಿಮಿಷ ದಣಿವಾರಿಸಿಕೊಳ್ಳುವದು, ಪುನಃ ಓಡುವದು. ಹೀಗೆ ಹತ್ತು ಸಾರಿ. ಡಿಸೆಂಬರಿನಲ್ಲಿ ಒಂದೊಂದು ಸುತ್ತಿಗೆ 66 ಸೆಕೆಂಡು ಹಿಡಿಯುತ್ತಿತ್ತು. ವಾರವಾರಕ್ಕೆ ಸ್ವಲ್ಪಸ್ವಲ್ಪವಾಗಿ ಇಳಿಯುತ್ತಾ ಏಪ್ರಿಲಿಗೆ 61 ಆಯಿತು. ಅಲ್ಲಿ ನಿಂತುಹೋಯಿತು. ಎಷ್ಟು ಹೆಣಗಿದರೂ 60ಕ್ಕೆ ಇಳಿಯಲೊಲ್ಲದು.

ಆಗ ಅವರು ಏನು ಮಾಡಿದರು? ಹದಿನೈದು ಸಾರಿ ಓಡಿದರೋ? ಇಲ್ಲ. ಬ್ಯಾನಿಸ್ಟರನೂ ಬ್ರಾಷರನೂ ಓಟವನ್ನು ಬಿಟ್ಟು ಸ್ಕಾಟ್ಲೆಂಡಿನ ಬೆಟ್ಟಗಳಿಗೆ ಹೊರಟುಹೋಗಿ ಮೂರು ದಿನ ಬಂಡೆಗಳನ್ನು ಹತ್ತಿದರು. ಅಲ್ಲಿ ನಿದ್ರೆ ಕಡಿಮೆ, ಊಟಕ್ಕೆ ಹೊತ್ತುಗೊತ್ತಿಲ್ಲ. ಕಾಲು ಜಾರಿದರೆ ವರುಷದ ದುಡಿಮೆಯೆಲ್ಲಾ ಮಣ್ಣುಪಾಲು. ಆ ಭಯ ಹುಟ್ಟಿದ ಮೇಲೆ ಹಿಂದಿರುಗಿದರು. ಬಂದು ಓಡಿ ನೋಡಿದರೆ ಒಂದೊಂದು ಸುತ್ತಿಗೆ 59 ಸೆಕೆಂಡು!

ಈ ವರುಷದ ವೃತ್ತಾಂತವನ್ನು ಬ್ಯಾನಿಸ್ಟರನೇ 1955ರಲ್ಲಿ ಪುಸ್ತಕವಾಗಿ ಬರೆದನು. ಆತನ ಕಥೆಯನ್ನು ಮೊದಲು ತಿಳಿದಾಗ ನಾವು ಗಡಿಯಾರದ ಲೆಕ್ಕವನ್ನೇ ನೋಡಿ, ಬೆಟ್ಟದ ಸಂಗತಿಯನ್ನು ಆಟವೆಂದು ದಾಟಿಹೋದೆವು. ಅದು ನಮ್ಮ ತಪ್ಪು. ಬೆಟ್ಟ ಹತ್ತುವದು ಮೈಗೆ ವಿಶ್ರಾಂತಿಯಲ್ಲವಷ್ಟೆ. ಹಾಗಾದರೆ ಕಟ್ಟಿಹೋಗಿದ್ದದ್ದು ಕಾಲಲ್ಲ, ಮನಸ್ಸೇ ಎಂದು ನಮಗೆ ತೋರುತ್ತದೆ. ಒಂದೇ ಬಯಲು, ಒಂದೇ ಸುತ್ತು, ಒಂದೇ ಅಂಕೆ. ಅದನ್ನೇ ದಿನವೂ ನೋಡಿ ಮನಸ್ಸು ಮೊಂಡಾಗಿತ್ತು. ಹೊಲದಲ್ಲಿ ಹಟಹಿಡಿದು ನಿಂತ ಎತ್ತನ್ನು ಹೊಡೆಯುತ್ತಾ ಇರುವವನು ಬಾರುಕೋಲನ್ನು ಮುರಿದುಕೊಳ್ಳುವನೇ ಹೊರತು ಸಾಲು ಮುಗಿಸಲಾರನು. ತಿಳಿದ ಬೇಸಾಯಗಾರನು ನೊಗವನ್ನು ಇಳಿಸುತ್ತಾನೆ. ಆದರೆ ಇದನ್ನು ಕೇಳಿ ಸೋಮಾರಿಯು ಸಂತೋಷಪಡಬಾರದು. ಆ ಮೂರು ದಿನಕ್ಕೆ ಮೊದಲು ಬಹು ತಿಂಗಳಿನ ದುಡಿಮೆ ಇತ್ತೆಂಬದನ್ನು ಮರೆಯಬೇಡಿರಿ.

ಮೈಗೂ ವಿಶ್ರಾಂತಿ ಬೇಡವೇ? ಅದನ್ನೂ ಆತನು ಅರಿತಿದ್ದನು. ಕಠಿಣವಾಗಿ ಓಡುವಾಗ ಮಾಂಸಖಂಡದ ಎಳೆಗಳು ಅಲ್ಲಲ್ಲಿ ಸೂಕ್ಷ್ಮವಾಗಿ ಹರಿಯುತ್ತವೆ, ಕೂಡಿಟ್ಟ ಸತ್ವವು ವೆಚ್ಚವಾಗುತ್ತದೆ. ಊಟದಿಂದಲೂ ನಿದ್ರೆಯಿಂದಲೂ ಅವು ತುಂಬಿಕೊಂಡು ಮೊದಲಿಗಿಂತ ಬಲವಾಗುತ್ತವೆ. ಆದಕಾರಣ ಪಂದ್ಯಕ್ಕೆ ಐದು ದಿನ ಮುಂಚೆಯೇ ಆತನು ಅಭ್ಯಾಸವನ್ನು ನಿಲ್ಲಿಸಿದನು.

1954ನೇ ಮೇ 6ನೇ ತಾರೀಖು, ಗುರುವಾರ. ಬೆಳಿಗ್ಗೆ ಆಸ್ಪತ್ರೆಯಲ್ಲಿ ತನ್ನ ಓಟದ ಪಾದರಕ್ಷೆಯ ಮೊಳೆಗಳನ್ನು ಸಾಣೆಕಲ್ಲಿಗೆ ಹಿಡಿದು ಹರಿತಮಾಡಿಕೊಂಡು, ರೈಲು ಹತ್ತಿ ಆಕ್ಸ್‌ಫರ್ಡಿಗೆ ಹೋದನು. ಸಾಯಂಕಾಲ ಬಲವಾದ ಗಾಳಿ ಬೀಸುತ್ತಿತ್ತು. ಇಂಥ ಗಾಳಿಯಲ್ಲಿ ಪ್ರಯತ್ನಿಸಿದರೆ ಸೋಲೇ ಗತಿಯೆಂದು ಅನುಮಾನಿಸುತ್ತಾ, ಸಮೀಪದ ದೇವಾಲಯದ ಗೋಪುರದ ಧ್ವಜವನ್ನೇ ನೋಡುತ್ತಿದ್ದನು. ಪಂದ್ಯದ ಹೊತ್ತಿಗೆ ಧ್ವಜದ ಹಾರಾಟವು ತಗ್ಗಿತು, ಓಡುವದೆಂದು ನಿಶ್ಚಯವಾಯಿತು.

ಈ ಸಾರಿ ಸ್ನೇಹಿತರು ಕಪಟವಿಲ್ಲದೆ ಮೊದಲಿನಿಂದಲೇ ಓಡಿದರು. ಬ್ರಾಷರನು ಮುಂದಾಳಾದನು. ಐದು ದಿನ ಸುಮ್ಮನಿದ್ದ ಕಾಲಿಗೆ ಆ ವೇಗವು ಸಾಲದೆಂದು ತೋರಿ, ಬ್ಯಾನಿಸ್ಟರನು ಹಿಂದಿನಿಂದ ಬೇಗ ಬೇಗ ಎಂದು ಕೂಗಿದನು. ಬ್ರಾಷರನು ಕಿವಿಗೊಡಲಿಲ್ಲ. ಒಂದು ಸುತ್ತು ಮುಗಿದಾಗ 57.5 ಸೆಕೆಂಡು, ವೇಗವು ಬೇಕಾದಷ್ಟು ಇತ್ತು. ಆಗ ಆತನ ಮಾತನ್ನು ಕೇಳಿದ್ದರೆ ಎಲ್ಲವೂ ಕೆಡುತ್ತಿತ್ತು. ಎರಡೂವರೆ ಸುತ್ತಿನ ಬಳಿಕ ಚಾಟವೇಯು ಮುಂದಾಳಾದನು. ಕಡೆಯ ಸುತ್ತಿನ ಅರ್ಧದಲ್ಲಿ ಬ್ಯಾನಿಸ್ಟರನು ಅವನನ್ನೂ ದಾಟಿ, ಗುರಿಯ ದಾರವನ್ನು ಹರಿದು, ಕಣ್ಣು ಕತ್ತಲೆಗಟ್ಟಿ ಜನರ ಕೈಮೇಲೆ ಬಿದ್ದನು. ಕಾಲವನ್ನು ಪ್ರಕಟಿಸುವವನು ಮೂರು ನಿಮಿಷ ಎಂದದ್ದೇ ಮಿಕ್ಕ ಮಾತು ಕೂಗಾಟದಲ್ಲಿ ಮುಳುಗಿತು. 3 ನಿಮಿಷ 59.4 ಸೆಕೆಂಡು.

ಈ ಕೀರ್ತಿಯು 46 ದಿನ ಮಾತ್ರವೇ ನಿಂತಿತು. ಜೂನ್ 21ರಲ್ಲಿ ಆಸ್ಟ್ರೇಲಿಯದ ಜಾನ್ ಲ್ಯಾಂಡಿಯು ಇನ್ನೂ ವೇಗವಾಗಿ ಓಡಿದನು. ಆಗಸ್ಟ್ 7ರಲ್ಲಿ ಕೆನಡದ ವ್ಯಾಂಕೂವರಿನಲ್ಲಿ ಇಬ್ಬರೂ ಕೂಡಿ ಓಡಲಾಗಿ, ಮುಂದಿದ್ದ ಲ್ಯಾಂಡಿಯು ಕಡೆಯ ತಿರುವಿನಲ್ಲಿ ಎಡಗಡೆಗೆ ತಿರುಗಿ ಹಿಂದಕ್ಕೆ ನೋಡಿದ ಕ್ಷಣದಲ್ಲಿಯೇ ಬ್ಯಾನಿಸ್ಟರನು ಬಲಗಡೆಯಿಂದ ದಾಟಿ ಗೆದ್ದನು.

ಅದೇ ದಿನ ಅದೇ ಬಯಲಿಗೆ ಮ್ಯಾರಥಾನ್ ಎಂಬ 26 ಮೈಲಿಗೂ ಹೆಚ್ಚಾದ ಓಟದ ಮುಂದಾಳಾದ ಜಿಮ್ ಪೀಟರ್ಸ್ ಬಂದನು. ಎರಡನೆಯವನು ಬಹು ಹಿಂದೆ ಇದ್ದನು. ಮೆಲ್ಲಗೆ ನಡೆದುಬಂದಿದ್ದರೂ ಗೆಲವು ಅವನದೇ. ಬಿಸಿಲಿನಲ್ಲಿ ವೇಗವನ್ನು ತಗ್ಗಿಸದೆ ಓಡಿದ್ದ ಆತನು ಗುರಿಯ ಸಮೀಪದಲ್ಲಿಯೇ ಬಿದ್ದು ಎದ್ದು, ಪುನಃ ಬಿದ್ದು, ಕಡೆಗೆ ಓಟವನ್ನು ಮುಗಿಸಲಾರದೆ ಆಸ್ಪತ್ರೆಗೆ ಒಯ್ಯಲ್ಪಟ್ಟನು. ಪುನಃ ಎಂದಿಗೂ ಪಂದ್ಯದಲ್ಲಿ ಓಡಲಿಲ್ಲ. ಅಭ್ಯಾಸದಲ್ಲಿ ಅವನಿಗಿಂತ ಹೆಚ್ಚಾಗಿ ದುಡಿದವರು ಆ ಕಾಲದಲ್ಲಿ ವಿರಳ.

ಬ್ಯಾನಿಸ್ಟರನು ಆ ತಿಂಗಳ ಕಡೆಯಲ್ಲಿ ಬರ್ನ್ ಪಟ್ಟಣದಲ್ಲಿ ಇನ್ನೊಂದು ಪಂದ್ಯವನ್ನು ಗೆದ್ದು, ವರುಷ ಮುಗಿಯುವದರೊಳಗಾಗಿ ಓಟವನ್ನು ಬಿಟ್ಟನು. ಆಗ ಆತನಿಗೆ ಇಪ್ಪತ್ತೈದು ವರುಷ. ಅನಂತರ ನರರೋಗಗಳ ವೈದ್ಯನಾಗಿ ಬಹುಕಾಲ ದುಡಿದು 2018ರಲ್ಲಿ ತೀರಿಕೊಂಡನು. ಆ ನಾಲ್ಕು ಸುತ್ತುಗಳ ವಿಷಯದಲ್ಲಿ ಕೇಳಿದವರಿಗೆಲ್ಲಾ, ವೈದ್ಯನಾಗಿ ಮಾಡಿದ ಕೆಲಸವೇ ತನಗೆ ಹೆಚ್ಚಿನದೆಂದು ಉತ್ತರ ಕೊಡುತ್ತಿದ್ದನು.