ದನಿಯನ್ನು ಅಲೆಯ ಮೇಲೇರಿಸುವ ಮೂರು ಕ್ರಮಗಳು

2024ರ ಜುಲೈಯಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಭೂಕುಸಿತವಾದಾಗ ಹವ್ಯಾಸಿ ರೇಡಿಯೊ (ಹ್ಯಾಮ್) ಬಳಗದವರೂ ಸಂದೇಶ ರವಾನೆಗೆ ನೆರವಾದರು. ಇಂಥ ವೇಳೆ ಊರಿನ ಹೆಸರೊಂದು ತಪ್ಪಾಗಿ ಕೇಳಿಸಿದರೆ ನೆರವು ಬೇರೆಡೆಗೆ ಹೋದೀತು. ಯಾವ ಕ್ರಮದಲ್ಲಿ ಮಾತು ಎಷ್ಟು ಸ್ಪಷ್ಟವಾಗಿ ತಲುಪುತ್ತದೆ ಎಂಬ ಪ್ರಶ್ನೆಯಿಂದಲೇ ಮಾಡ್ಯುಲೇಶನ್ ಪಾಠವನ್ನು ಆರಂಭಿಸುವುದು ಲೇಸು.

ಎ.ಎಂ. ಕ್ರಮದಲ್ಲಿ ವಾಹಕ ಅಲೆಯ ಪಾರವು ದನಿಗೆ ತಕ್ಕಂತೆ ಏರಿಳಿಯುತ್ತದೆ. ಆಗ ವಾಹಕದ ಎರಡೂ ಬದಿಗಳಲ್ಲಿ ಒಂದೇ ದನಿಯನ್ನು ಹೊತ್ತ ಪಾರ್ಶ್ವಪಟ್ಟಿಗಳು ಹುಟ್ಟುತ್ತವೆ. ಪೂರ್ಣ ಮಾಡ್ಯುಲೇಶನ್ ಇರುವಾಗಲೂ ಶಕ್ತಿಯ ಮೂರರಲ್ಲಿ ಎರಡು ಪಾಲು ಏನನ್ನೂ ನುಡಿಯದ ವಾಹಕಕ್ಕೇ ವೆಚ್ಚವಾಗುತ್ತದೆ. ಎಸ್.ಎಸ್.ಬಿ. ಈ ದುಂದನ್ನು ತಪ್ಪಿಸುತ್ತದೆ: ವಾಹಕವನ್ನೂ ಒಂದು ಪಟ್ಟಿಯನ್ನೂ ಕಳೆದು ಉಳಿದ ಪಟ್ಟಿಯನ್ನಷ್ಟೇ ಕಳುಹಿಸುತ್ತದೆ. ಎ.ಎಂ.ಗೆ ಸುಮಾರು 6 ಕಿಲೋಹರ್ಟ್ಸ್ ಅಗಲ ಬೇಕಾದರೆ ಇದಕ್ಕೆ 3 ಸಾಕು. ಆದರೆ ಕಳೆದ ವಾಹಕವನ್ನು ಗ್ರಾಹಕಯಂತ್ರವೇ ಮತ್ತೆ ಕೂಡಿಸಬೇಕು. ಶ್ರುತಿ ತುಸು ತಪ್ಪಿದರೂ ಮಾತು ಬಾತುಕೋಳಿಯ ಕೂಗಿನಂತಾಗುತ್ತದೆ. ಮಕ್ಕಳು ನಗುವರು, ನಗಲಿ, ಪಾಠ ನೆನಪಿನಲ್ಲುಳಿಯುತ್ತದೆ.

ಎಫ್.ಎಂ.ನಲ್ಲಿ ಪಾರ ಸ್ಥಿರ, ಆವೃತ್ತಿ ಚರ. ಗದ್ದಲವು ಹೆಚ್ಚಾಗಿ ಪಾರವನ್ನೇ ಕೆಡಿಸುವುದರಿಂದ ದನಿ ನಿರ್ಮಲವಾಗಿರುತ್ತದೆ. ಹ್ಯಾಮ್ ಬಳಕೆಯಲ್ಲಿ ಇದು ಸುಮಾರು 16 ಕಿಲೋಹರ್ಟ್ಸ್ ಅಗಲವನ್ನು ಆಕ್ರಮಿಸುತ್ತದೆ. ಸಂಕೇತ ಕ್ಷೀಣಿಸಿದಾಗ ಎಫ್.ಎಂ. ಮಾತು ಥಟ್ಟನೆ ಗದ್ದಲದಲ್ಲಿ ಮುಳುಗುತ್ತದೆ, ಎಸ್.ಎಸ್.ಬಿ.ಯಲ್ಲಾದರೆ ಅರೆಬರೆ ಪದಗಳನ್ನಾದರೂ ಹೆಕ್ಕಬಹುದು.

ಎಫ್.ಎಂ. ಆದ ಕಾರಣವೇ ಅದು ದೂರ ಹೋಗದೆಂಬ ತಪ್ಪು ತಿಳಿವಳಿಕೆ ಶಿಕ್ಷಕರಲ್ಲೂ ಉಂಟು. ಭಾರತದ ಹ್ಯಾಮ್‌ಗಳು ಎಫ್.ಎಂ. ಅನ್ನು ಹೆಚ್ಚಾಗಿ ಬಳಸುವುದು 144–146 ಮೆಗಾಹರ್ಟ್ಸ್ ಪಟ್ಟಿಯಲ್ಲಿ. ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಬೆಟ್ಟ ಅಡ್ಡ ಬಂದರೆ ತಡೆಯುತ್ತದೆ. ನೀಲಗಿರಿ, ವಯನಾಡುಗಳ ಮಕ್ಕಳಿಗೆ ಇದನ್ನು ವಿವರಿಸಲು ಚಿತ್ರಪಟವೇ ಬೇಡ, ಕಿಟಕಿಯಾಚೆ ತೋರಿಸಿದರಾಯಿತು. ಬೆಟ್ಟದ ನೆತ್ತಿಯಲ್ಲಿ ಮರುಪ್ರಸಾರ ಯಂತ್ರ (ರಿಪೀಟರ್) ಇಡುವುದು ಇದಕ್ಕಾಗಿಯೇ.

ಭಾಷಾ ಶಿಕ್ಷಕರಿಗೂ ಇಲ್ಲಿ ಕೆಲಸವಿದೆ. ಹ್ಯಾಮ್ ಯಂತ್ರಗಳು ಸುಮಾರು 300ರಿಂದ 3000 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತವೆ. ಸಕಾರದ ಬಲ ಬಹುಪಾಲು ಅದಕ್ಕಿಂತ ಮೇಲಿದೆ. ಹೀಗಾಗಿ ಸಾಲು, ಶಾಲು, ಹಾಲುಗಳ ನಡುವಣ ಭೇದ ಮಸುಕಾಗಬಹುದು. ಹ್ಯಾಮ್‌ಗಳು ಆಲ್ಫಾ, ಬ್ರಾವೋ ಎಂದು ಅಕ್ಷರ ಬಿಡಿಸಿ ಹೇಳುವುದು ಇದೇ ಕಾರಣಕ್ಕೆ. ತರಗತಿಯಲ್ಲಿ ಸಕ್ಕರೆಯ ಸ, ಶಂಖದ ಶ, ಹಲಸಿನ ಹ ಎಂಬಂತೆ ಮಕ್ಕಳೇ ಒಂದು ಪಟ್ಟಿ ಕಟ್ಟಲಿ. ಗೋಡೆಯಾಚೆ ನಿಂತ ಸಹಪಾಠಿಗೆ ತಮ್ಮ ಊರಿನ ಹೆಸರನ್ನು ತಲುಪಿಸಲಿ. ಆಸಕ್ತರಿಗೆ 12 ವರ್ಷ ತುಂಬಿದ್ದರೆ ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆಗೆ ಕೂರಬಹುದು. ಪರವಾನಗಿಯಿಲ್ಲದೆ ಪ್ರಸಾರ ಮಾಡುವಂತಿಲ್ಲ.